ದೊಡ್ಡಕ್ಕನ ಗೆರೆ

ಜನವರಿ 9

ಅಮ್ಮನಿಗೆ,

ಇಲ್ಲಿಗೆ ಬಂದು ಆರು ವಾರವಾಯಿತು. ಫೋನ್ ಮಾಡಲಿಲ್ಲ ಎಂದು ಬೈಯಬೇಡ. ಇಲ್ಲಿಂದ ಫೋನ್ ಮಾಡಿದರೆ ಮಾತು ನಿನ್ನನ್ನು ತಲುಪುವ ಮೊದಲು ಎಕ್ಸ್‌ಚೇಂಜಿನಲ್ಲಿ ಮೂರು ಜನರ ಕಿವಿ ದಾಟಬೇಕು. ನಿನ್ನ ಕಿವಿಯೋ, ಹತ್ತು ಮಾತಿನಲ್ಲಿ ಐದನ್ನು ಬಾಗಿಲಲ್ಲೇ ತಡೆದು ಕಳಿಸುತ್ತದೆ. ಕಾಗದವೇ ವಾಸಿ.

ನೀನು ಇಪ್ಪತ್ತು ವರ್ಷ ಓಡಾಡಿದ ವರಾಂಡ ಹಾಗೆಯೇ ಇದೆ. ಔಷಧಿ ಕೋಣೆಯ ತಿರುವಿನಲ್ಲಿ ನೆಲ ಸವೆದು ತಗ್ಗಾಗಿದೆ. ಅದರಲ್ಲಿ ನಿನ್ನ ಚಪ್ಪಲಿಯ ಪಾಲೂ ಇರಬೇಕು. ಗೋಡೆಗೆ ಹೆಗಲೆತ್ತರದ ತನಕ ಅದೇ ಹಸಿರು ಬಣ್ಣ. ‘ಮಿಲಿಟರಿ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಾಗಿ ಹೋಗ್ತೀಯಾ, ಒಳ್ಳೇದಾಯ್ತು, ನನ್ನ ಹಳೇ ಜಾಗ’ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬಂದೆಯಲ್ಲ. ಏನು ಒಳ್ಳೆಯದಾಗಿದೆ ಎಂದು ಹೇಳುತ್ತೇನೆ ಕೇಳು.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ. ಒಬ್ಬ ಸೈನಿಕನಿಗೆ ಅವರು ಕೊಡುವ ಸಮಯ ಹತ್ತು ನಿಮಿಷ. ಅದರಲ್ಲಿ ಮೂರು ನಿಮಿಷ ಅವನ ಹಿಂದಿನಿಂದ ಒಂದು ಸ್ಟೀಲ್ ಟ್ರೇ ಬೀಳಿಸುವ ಪರೀಕ್ಷೆಗೆ ಹೋಗುತ್ತದೆ. ಬೆಚ್ಚಿಬಿದ್ದರೆ ನಾಟಕ ಮಾಡುತ್ತಿದ್ದಾನೆ ಎಂದರ್ಥ. ಬೆಚ್ಚದಿದ್ದರೆ ಆರೋಗ್ಯವಾಗಿದ್ದಾನೆ ಎಂದರ್ಥ. ಎರಡೂ ಕಡೆ ಸೋಲುವ ಆಟ. ‘ಸೈನ್ಯದಲ್ಲಿ ಮೂರೇ ಕಾಯಿಲೆ ಕಣಯ್ಯಾ. ಮುರಿದದ್ದು, ಹರಿದದ್ದು, ಮೈಗಳ್ಳತನ’ ಎನ್ನುತ್ತಾರೆ. ಹೇಳಿ ಎದ್ದುಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಾರೆ. ಮನಸ್ಸಿನ ರೋಗಿಯನ್ನು ಅವರು ಕೈಯಿಂದ ಮುಟ್ಟಿಯೂ ಇರುವುದಿಲ್ಲ.

ಅದಕ್ಕಿಂತ ಅಸಹ್ಯವಾದದ್ದು ಬೇರೆ ಇದೆ. ಪ್ರತಿ ರೋಗಿಯ ಜೊತೆ ಅವನ ತುಕಡಿಯಿಂದ ಒಂದು ಕಾಗದ ಬರುತ್ತದೆ. ಎಷ್ಟೇ ಉದ್ದ ಬರೆದಿದ್ದರೂ ಸಾರ ಒಂದೇ: ಇವನು ನಮಗೆ ಬೇಕು, ಇಲ್ಲವೇ ಇವನು ನಮಗೆ ಬೇಡ. ಬೇಕು ಎಂದಿದ್ದರೆ ಅವನಿಗೆ ಏನೂ ಕಾಯಿಲೆ ಇಲ್ಲ. ಬೇಡ ಎಂದಿದ್ದರೆ ಹುಟ್ಟು ಸ್ವಭಾವದೋಷ. ಕಂಡದ್ದರಿಂದ, ಕೇಳಿದ್ದರಿಂದ ಮನುಷ್ಯನ ಒಳಗು ಮುರಿಯಬಹುದು ಎನ್ನುವ ಮೂರನೆಯ ಸಾಧ್ಯತೆ ಪುಸ್ತಕದಲ್ಲಿದೆ. ನಾನು ಅದನ್ನು ಓದಿಯೇ ಪಾಸಾಗಿದ್ದು. ಇಲ್ಲಿ ಅದರ ಪುಟವನ್ನು ಯಾರೂ ತೆರೆಯುವುದಿಲ್ಲ.

ಯಾರಿಗೆ ನಿಜವಾಗಿ ಕಾಯಿಲೆ, ಯಾರಿಗಿಲ್ಲ ಎಂದು ತೀರ್ಮಾನಿಸಲು ತಿಂಗಳಿಗೊಮ್ಮೆ ಡಾಕ್ಟರುಗಳ ಮಂಡಳಿ ಕೂರುತ್ತದೆ. ಸಾಹೇಬರು, ಅವರ ಮಾತಿಗೆ ತಲೆಯಾಡಿಸುವ ಇನ್ನೊಬ್ಬರು, ಮೂರನೆಯವನು ನಾನು. ಹೋದ ಸಲ ಒಂದೇ ಬೆಳಿಗ್ಗೆ ಒಂಬತ್ತು ಜನರನ್ನು ಮುಗಿಸಿದೆವು. ಒಂಬತ್ತಕ್ಕೂ ನನ್ನ ಸಹಿ ಇದೆ. ಅವರಲ್ಲೊಬ್ಬನ ಬಗ್ಗೆ ‘ಚಾರ್ಟ್ ನೋಡಿ, ದಿನಾ ಎಂಟು ಗಂಟೆ ನಿದ್ದೆ ಮಾಡ್ತಿದ್ದಾನೆ. ಕೆಟ್ಟ ಕನಸಂತೆ!’ ಎಂದರು ಸಾಹೇಬರು. ನೋಡಿದೆ, ಹೌದು, ನಿದ್ದೆ ಮಾಡಿದ್ದ. ಸಹಿ ಹಾಕಿದೆ. ಆಮೇಲೆ ಊಟ ಸೇರಲಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ?

ನಿನ್ನ ಮಗ

*

ಜನವರಿ 17

ಮಗನಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಓದಿ, ಡಾಕ್ಟರಾದವನು ಇಷ್ಟು ಬೇಗ ಊಟ ಬಿಟ್ಟರೆ ಹೇಗೆ ಎಂದುಕೊಂಡೆ. ನಾನು ಆ ವಾರ್ಡಿನಲ್ಲಿ ಒಂದು ಕೈಯಲ್ಲಿ ವಾಂತಿಯ ಬೇಸಿನ್ ಹಿಡಿದು ಇನ್ನೊಂದು ಕೈಯಲ್ಲಿ ಬ್ರೆಡ್ ತಿಂದವಳು. ಹೊಟ್ಟೆಗೂ ಮನಸ್ಸಿಗೂ ನಡುವೆ ಒಂದು ಬಾಗಿಲಿರಬೇಕು. ಆ ಬಾಗಿಲನ್ನು ಮುಚ್ಚಲು ಕಲಿ.

ಮೊಣಕಾಲು ಹಾಗೇ ಇದೆ. ಪಕ್ಕದ ಮನೆಯ ಟೈಲರ್ ನನ್ನನ್ನು ಕಂಡಾಗಲೆಲ್ಲ ‘ಏನ್ ಸಿಸ್ಟರಮ್ಮಾ, ಮಗ ಹುಚ್ಚರ ಡಾಕ್ಟರಂತೆ’ ಎನ್ನುತ್ತಾನೆ. ‘ಹೌದಪ್ಪಾ, ನಿನ್ನ ಹೆಸರನ್ನೂ ಬರೆಸಿದ್ದೀನಿ, ಸರದಿ ಬಂದಾಗ ಕರೀತಾರೆ’ ಎಂದೆ. ಅಂದಿನಿಂದ ನನ್ನ ರವಿಕೆ ಹೇಳಿದ ದಿನಕ್ಕೇ ಸಿಗುತ್ತಿದೆ.

ಆ ಸಾಹೇಬರು ಯಾರು? ಎತ್ತರ, ತೆಳ್ಳಗೆ, ಎಡಗಿವಿಯ ಕೆಳಗೆ ಕಡಲೆಕಾಳಿನಷ್ಟು ಮಚ್ಚೆ ಇದೆಯೇ? ಹಾಗಿದ್ದರೆ ನಾನು ಬಲ್ಲೆ. ನನ್ನ ಕಾಲದಲ್ಲಿ ಅವರು ಹೊಸ ಡಾಕ್ಟರು. ಆಗಲೂ ಕೈ ತೊಳೆಯುತ್ತಿದ್ದರು. ನಾನು ಯಾರ ತಾಯಿ ಎಂದು ಅವರಿಗೆ ಹೇಳಲು ಹೋಗಬೇಡ. ಹಳೆಯದನ್ನು ಕೆದಕಿ ಏನು ಸಿಗಬೇಕಾಗಿದೆ?

ಸಹಿ ಹಾಕುವಾಗ ಹಾಕು, ಆದರೆ ಓದಿ ಹಾಕು. ನಿಮ್ಮಪ್ಪ ಇದ್ದಿದ್ದರೆ ಇಷ್ಟೇ ಹೇಳುತ್ತಿದ್ದರು. ಬಿಸಿನೀರು ಕುಡಿ.

ನಿನ್ನ ಅಮ್ಮ

*

ಫೆಬ್ರವರಿ 3

ಅಮ್ಮನಿಗೆ,

ಮಚ್ಚೆ ಇದೆ. ಅವರೇ.

ಇದನ್ನು ಕೂತು ನಿಧಾನವಾಗಿ ಓದು. ಮೂರು ವಾರದ ಹಿಂದೆ ವಾರ್ಡಿಗೆ ಒಬ್ಬ ಬಂದ. ಇಪ್ಪತ್ತಾರು ವರ್ಷ, ವೈರ್‌ಲೆಸ್ ಕೆಲಸ. ವಾರ್ಡಿನಲ್ಲಿ ಎಲ್ಲರೂ ಅವನನ್ನು ‘ರೇಡಿಯೋ’ ಎಂದೇ ಕರೆಯುತ್ತಾರೆ. ಅವನ ಕಾವಲು ಠಾಣೆಯಿಂದ ಗಸ್ತಿಗೆ ಹೋದ ಏಳು ಜನ ಶತ್ರುವಿನ ಗುಂಡಿನ ನಡುವೆ ಸಿಕ್ಕಿಬಿದ್ದಾಗ ಹೆಡ್‌ಫೋನ್ ಇವನ ಕಿವಿಯ ಮೇಲಿತ್ತು. ಶತ್ರುವಿಗೆ ಠಾಣೆ ಎಲ್ಲಿದೆಯೆಂದು ಗೊತ್ತಾಗಬಾರದೆಂದು, ಕೇಳು, ಆದರೆ ಉತ್ತರ ಕೊಡಬೇಡ ಎಂದು ಆದೇಶ. ಹತ್ತೊಂಬತ್ತು ನಿಮಿಷ ಇವನು ಕೇಳಿದ. ಏಳು ದನಿ ಆರಾಯಿತು, ನಾಲ್ಕಾಯಿತು, ಒಂದಾಯಿತು. ಆ ಕೊನೆಯವನು ‘ಕೇಳಿಸ್ತಾ ಇದ್ಯಾ? ಕೇಳಿಸ್ತಾ ಇದ್ಯಾ?’ ಎನ್ನುತ್ತಲೇ ಇದ್ದನಂತೆ. ಇವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

‘ನಾನು ಮಲಗೇ ಇಲ್ಲ ಸಾರ್. ಕಣ್ಣು ಮುಚ್ಚಿದ್ರೆ ಅವನು ಶುರು ಮಾಡ್ತಾನೆ. ಮಂಚದ ಅಂಚಲ್ಲಿ ಕಿವಿ ಮುಚ್ಕೊಂಡು ಕೂತಿರ್ತೀನಿ’ ಎಂದ.

ಅವನ ತುಕಡಿಯ ಕಾಗದದಲ್ಲಿ ‘ಬೇಕು’ ಎಂದಿದೆ. ಠಾಣೆಗೆ ವೈರ್‌ಲೆಸ್ಸಿನವರು ಸಾಲದು. ಸಾಹೇಬರು ಟ್ರೇ ಬೀಳಿಸಿದರು. ಅವನು ಕುರ್ಚಿಯಿಂದ ನೆಲಕ್ಕೆ ಜಾರಿದ. ಆಮೇಲೆ ನಿದ್ದೆಯ ಚಾರ್ಟ್ ತೆಗೆದು ನನ್ನ ಕೈಗಿತ್ತರು. ಹದಿನಾಲ್ಕು ದಿನ, ದಿನವೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಗಾಢನಿದ್ದೆ. ‘ಈಗ ಯಾರನ್ನ ನಂಬ್ತೀರಿ? ಇವನನ್ನೋ, ಚಾರ್ಟನ್ನೋ?’ ಎಂದರು. ಮಾರ್ಚ್ ಹನ್ನೊಂದರ ಮಂಡಳಿಯಲ್ಲಿ ಅವನಿಗೆ ‘ನಾಟಕ’ ಎಂದು ಬರೆದರೆ ಮೊದಲು ಶಿಕ್ಷೆ, ನಂತರ ಅದೇ ಠಾಣೆ, ಅದೇ ಹೆಡ್‌ಫೋನ್. ‘ಅದನ್ನ ಇನ್ನೊಂದ್ ಸಲ ಹಾಕ್ಕೊಂಡ್ರೆ ನಾನು ಉಳಿಯಲ್ಲ ಸಾರ್. ಹೆದರಿಸೋಕೆ ಹೇಳ್ತಿಲ್ಲ’ ಎಂದ. ಬಹಳ ಮೆಲ್ಲಗೆ ಹೇಳಿದ. ನಾನು ನಂಬಿದೆ.

ಮೊನ್ನೆ ಸಂಜೆ ಐದಕ್ಕೆ ಒಂದು ಪೆನ್ನು ಹುಡುಕಿಕೊಂಡು ವಾರ್ಡಿಗೆ ಹೋದೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ರೇಡಿಯೋ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮೇಜಿನ ಮೇಲೆ ಅವನ ಚಾರ್ಟ್ ಇತ್ತು. ಅದರ ಪ್ರಕಾರ ಅವನು ಮರುದಿನ ಬೆಳಿಗ್ಗೆ ಆರರವರೆಗೂ ಆಗಲೇ ಮಲಗಿಬಿಟ್ಟಿದ್ದ.

ಎರಡು ಗಂಟೆಗೊಂದರಂತೆ ಐದು ಚೌಕ. ಮೊದಲನೆಯದರಲ್ಲಿ ನಿದ್ದೆಯ ‘ನಿ’, ಅಲ್ಲಿಂದ ಆರು ಗಂಟೆಯವರೆಗೆ ಅಡಿಕೋಲು ಇಟ್ಟು ಎಳೆದ ಒಂದೇ ಗೆರೆ. ಉಳಿದ ಚಾರ್ಟುಗಳನ್ನೂ ತಿರುವಿದೆ. ಎಲ್ಲ ಮಂಚಕ್ಕೂ ಅದೇ ಗೆರೆ. ಪಾಳಿಯಲ್ಲಿದ್ದ ಕಿರಿಯ ಸಿಸ್ಟರನ್ನು ಕೇಳಿದರೆ ಅವಳಿಗೆ ನಾಚಿಕೆಯೂ ಆಗಲಿಲ್ಲ, ಭಯವೂ ಆಗಲಿಲ್ಲ.

‘ಅದು ದೊಡ್ಡಕ್ಕನ ಗೆರೆ ಸಾರ್. ಮೊದಲಿಂದ್ಲೂ ಹಾಗೇ. ಕೆಲಸಕ್ಕೆ ಸೇರಿದ ದಿನಾನೇ ಹೇಳಿಕೊಡ್ತಾರೆ.’

ಯಾವ ದೊಡ್ಡಕ್ಕ ಎಂದೆ. ಸಿಸ್ಟರುಗಳ ಕೋಣೆಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಫೋಟೋ ತೋರಿಸಿದಳು. ಬಿಳಿ ಸೆರಗಿಗೆ ಪಿನ್ನು, ಎದೆಯ ಮೇಲೆ ಗಡಿಯಾರ, ನಗು. ನಮ್ಮ ಮನೆಯ ನಡುಮನೆಯಲ್ಲಿರುವುದೂ ಅದೇ ಫೋಟೋ.

ಅಮ್ಮಾ, ನನಗೆ ವಾಕರಿಕೆ ಬಂತು. ಅದು ನೀನಲ್ಲ ಎಂದು ಬರೆ.

ನಿನ್ನ ಮಗ

*

ಫೆಬ್ರವರಿ 12

ಮಗನಿಗೆ,

ನಾನೇ. ಕುಂಬಳಕಾಯಿ ಕಳ್ಳ ಎಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ಕಾಯಿ ನನ್ನ ಹೆಗಲ ಮೇಲೇ ಇದೆ, ಎಲ್ಲರೂ ನೋಡಲಿ.

ಈಗ ನೀನು ಕೂತು ನಿಧಾನವಾಗಿ ಓದು. ರಾತ್ರಿ ಪಾಳಿಯಲ್ಲಿ ಅರವತ್ತು ಮಂಚ, ಇಬ್ಬರು ಸಿಸ್ಟರು, ಒಂದು ಟಾರ್ಚು. ಅದರ ಸೆಲ್ಲು ಸತ್ತರೆ ಹೊಸದಕ್ಕೆ ಮೂರು ಜನರ ಸಹಿ ಬೇಕು. ಅರವತ್ತರಲ್ಲಿ ಹತ್ತು ಜನಕ್ಕೆ ಜ್ವರ, ನಾಲ್ವರಿಗೆ ಹೊಲಿಗೆ ಬಿಚ್ಚಿದೆ, ಒಬ್ಬ ಮೂತ್ರದ ನಳಿಕೆ ಕಿತ್ತು ಎಸೆದಿದ್ದಾನೆ. ಎರಡು ಗಂಟೆಗೊಮ್ಮೆ ಎಲ್ಲರ ಮುಖಕ್ಕೂ ಬೆಳಕು ಬಿಟ್ಟು ‘ಏನಪ್ಪಾ, ಮಲಗಿದ್ದೀಯಾ?’ ಎಂದು ಕೇಳಿ ಎಬ್ಬಿಸಬೇಕಾಗಿತ್ತೇ? ಆ ಚಾರ್ಟನ್ನು ಯಾವ ಡಾಕ್ಟರೂ ಓದುತ್ತಿರಲಿಲ್ಲ. ಓದದ ಕಾಗದವನ್ನು ತುಂಬುವ ಹೊತ್ತಿನಲ್ಲಿ ನಾನು ನಾಲ್ಕು ಜನಕ್ಕೆ ನೀರು ಕುಡಿಸಿದ್ದೇನೆ. ಹುಡುಗಿಯರಿಗೂ ಅದನ್ನೇ ಕಲಿಸಿದೆ. ಅದಕ್ಕೆ ನನ್ನ ಹೆಸರು ಇಟ್ಟುಕೊಂಡಿದ್ದಾರೆಂದು ನನಗೂ ಗೊತ್ತಿರಲಿಲ್ಲ.

ನಿನ್ನ ಡಾಕ್ಟರುಗಳು ಹತ್ತು ಹೆಜ್ಜೆ ನಡೆದು ಬಂದು ಮಂಚದ ಮೇಲಿನವನನ್ನು ನೋಡಬಹುದಾಗಿತ್ತು. ಅವರಿಗೆ ಮನುಷ್ಯನಿಗಿಂತ ಗೆರೆ ನೋಡುವುದು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡ. ನಿನಗೆ ವಾಕರಿಕೆ ಬಂತಂತೆ. ನೀನು ಓದಿ ಡಾಕ್ಟರಾದದ್ದು ಆ ವಾಕರಿಕೆಯ ಅನ್ನ ತಿಂದೇ.

ಆ ರೇಡಿಯೋ ಹುಡುಗನಿಗೆ ಮಲಗುವ ಮುಂಚೆ ಹಾಲು ಕೊಡಿಸು.

ಅಮ್ಮ

*

ಫೆಬ್ರವರಿ 18

ಅಮ್ಮನಿಗೆ,

ಹಾಲು ಕೊಡಿಸಿದೆ. ಕುಡಿದು, ಕೂತೇ ಇದ್ದ.

ನೀನು ಬರೆದದ್ದೆಲ್ಲ ನಿಜ ಇರಬಹುದು. ಆದರೆ ಯಾರೂ ಓದದ ಆ ಕಾಗದವನ್ನು ಈಗ ಓದುತ್ತಿದ್ದಾರೆ, ಬೇಕಾದಾಗ ಮಾತ್ರ ಓದುತ್ತಿದ್ದಾರೆ. ಐದು ಗಂಟೆಗೆ ಕಂಡದ್ದನ್ನು ಸಾಹೇಬರಿಗೆ ಹೇಳಿದೆ. ‘ಒಂದು ದಿನ ಯಾರೋ ಹುಡುಗಿ ಮೈಗಳ್ಳತನ ಮಾಡಿರಬಹುದು. ಇದೇ ಪದ್ಧತಿ ಅನ್ನೋಕೆ ಏನಾಧಾರ?’ ಎಂದರು. ಕಿರಿಯ ಸಿಸ್ಟರನ್ನು ಬರೆದುಕೊಡು ಎಂದು ಕೇಳಿದೆ. ‘ನನ್ನ ಕೆಲಸ ಹೋಗುತ್ತೆ ಸಾರ್, ನಾನು ಏನೂ ಹೇಳೇ ಇಲ್ಲ’ ಎಂದು ಅತ್ತಳು. ಕೆಲಸ ಹೋಗುವ ಭಯವಿಲ್ಲದೆ ಇದನ್ನು ಹೇಳಬಲ್ಲವಳು ನೀನೊಬ್ಬಳೇ. ಬರೆದುಕೊಡು. ಯಾವ ವರ್ಷದಿಂದ, ಹೇಗೆ, ಯಾರಿಗೆ ಕಲಿಸಿದೆ ಎಂದು ಸ್ಪಷ್ಟವಾಗಿ ಬರೆ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಸಿಸ್ಟರುಗಳ ಕೋಣೆಯ ಮುಂದೆ ಹಾಯುವಾಗ ಆ ಫೋಟೋ ಕಂಡು ಹೇಸಿಗೆಯಾಗುತ್ತದೆ. ನಾಲ್ಕು ಹೆಜ್ಜೆ ಹೋದ ಮೇಲೆ ನನ್ನ ಒಂಬತ್ತು ಸಹಿಗಳು ನೆನಪಾಗುತ್ತವೆ. ಆಗ ಆಗುವ ಹೇಸಿಗೆ ಇನ್ನೂ ದೊಡ್ಡದು.

ಇಪ್ಪತ್ತೊಂದು ದಿನ ಉಳಿದಿದೆ.

ಮಗ

*

ಮಾರ್ಚ್ 2

ಮಗನಿಗೆ,

ಎರಡು ವಾರ ಉತ್ತರ ಬರೆಯಲಿಲ್ಲ. ಬರೆದೆ, ಹರಿದೆ. ಟೈಲರ್ ಕೂಡ ‘ಸಿಸ್ಟರಮ್ಮಾ, ಮೈ ಹುಷಾರಿಲ್ವಾ?’ ಎಂದು ಬಂದು ಕೇಳಿದ.

ನೀನು ಕೇಳಿದ ಹೇಳಿಕೆ ಇದರ ಜೊತೆ ಬೇರೆ ಹಾಳೆಯಲ್ಲಿದೆ. ಸಹಿ ಹಾಕಿ, ಸೇವಾ ಸಂಖ್ಯೆ ಬರೆದಿದ್ದೇನೆ. ಅದನ್ನು ಓದುವ ಮೊದಲು ಇದನ್ನು ಓದು, ಏಕೆಂದರೆ ಅದರಲ್ಲಿ ನೀನು ಕೇಳದೆ ಇದ್ದದ್ದೂ ಇದೆ.

ನಾನು ಕೆಲಸ ಬಿಟ್ಟದ್ದು ಮೊಣಕಾಲಿಗಲ್ಲ. ಮೊಣಕಾಲು ಆಮೇಲೆ ಬಂತು. ನಾನು ಅದನ್ನು ನೆಪಕ್ಕೆ ಕರೆದೆ, ಅದು ನಿಜವಾಗಿಯೇ ಬಂದು ಕೂತುಕೊಂಡಿತು.

ಇಪ್ಪತ್ತೆರಡು ವರ್ಷದ ಹಿಂದೆ ಹನ್ನೊಂದನೆಯ ಮಂಚದಲ್ಲಿ ಒಬ್ಬನಿದ್ದ. ಸೇತುವೆ ಕಟ್ಟುವ ತುಕಡಿಯವನು. ಅವನ ಕಣ್ಣೆದುರು ಏನಾಗಿತ್ತೋ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವನು ಮಲಗುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಒಮ್ಮೆ ಅಲ್ಲ, ಹತ್ತು ಹನ್ನೆರಡು ಸಲ ನಾನೇ ನೋಡಿದ್ದೇನೆ. ನೀರು ಕೊಟ್ಟಿದ್ದೇನೆ. ‘ಮಲಕ್ಕೊಳಪ್ಪಾ’ ಎಂದರೆ ‘ಆಯ್ತು ಅಕ್ಕಾ’ ಎನ್ನುತ್ತಿದ್ದ, ಕೂತೇ ಇರುತ್ತಿದ್ದ. ಅವನ ಚಾರ್ಟಿನಲ್ಲಿ ನನ್ನ ಗೆರೆ ಸಂಜೆಯೇ ಬಿದ್ದಾಗಿರುತ್ತಿತ್ತು. ಬಿದ್ದ ಗೆರೆಯನ್ನು ಅಳಿಸಿದರೆ ‘ಯಾಕೆ ಅಳಿಸಿದೆ?’ ಎಂದು ಕೇಳುತ್ತಾರೆ. ಅಷ್ಟಕ್ಕೇ ನಾನು ಅಳಿಸಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇತ್ತೇ ಎಂದು ಹುಡುಕಿದ್ದೇನೆ, ಸಿಗಲಿಲ್ಲ.

ಮಂಡಳಿ ಆ ಚಾರ್ಟು ನೋಡಿ ‘ನಾಟಕ’ ಎಂದು ಬರೆಯಿತು. ಅವನ ಮನೆಗೂ ಹಾಗೆಂದು ಕಾಗದ ಹೋಯಿತು. ಐದನೆಯ ದಿನ ಬೆಳಿಗ್ಗೆ ಆರಕ್ಕೆ ನಾನು ಥರ್ಮಾಮೀಟರ್ ಹಿಡಿದು ಹೋದಾಗ ಅವನು ಇರಲಿಲ್ಲ. ಮಂಚದಲ್ಲೇ ಇದ್ದ, ಆದರೆ ಇರಲಿಲ್ಲ. ತಾನೇ ಹೋಗಿದ್ದ. ಹೇಗೆ ಎನ್ನುವುದು ಬೇಡ. ಮೈ ತಣ್ಣಗಾಗಿ ನಾಲ್ಕು ಗಂಟೆಯಾಗಿತ್ತು. ನನ್ನ ಚಾರ್ಟಿನಲ್ಲಿ ಅವನು ಆರರವರೆಗೂ ನಿದ್ದೆ ಮಾಡುತ್ತಿದ್ದ. ಸತ್ತವನನ್ನು ನಾಲ್ಕು ಗಂಟೆ ಮಲಗಿಸಿದ್ದೇನೆ ಮಗಾ ನಾನು.

ಪಾಳಿಯಲ್ಲಿ ಇದ್ದ ಡಾಕ್ಟರು ಮಚ್ಚೆಯವರು. ಅವರು ನನ್ನನ್ನು ನೋಡಿದರು, ಚಾರ್ಟು ನೋಡಿದರು. ‘ನಿದ್ದೆಯಲ್ಲಿ ಹೃದಯ ನಿಂತಿದೆ ಅಂತ ಬರೀತೀನಿ. ನಿಮಗೂ ಒಳ್ಳೇದು, ನಮಗೂ ಒಳ್ಳೇದು’ ಎಂದರು. ನಾನು ಹೂಂ ಎಂದೆ. ಆಮೇಲೆ ಅವರು ಹೋಗಿ ಕೈ ತೊಳೆದರು. ನಾನೂ ತೊಳೆದೆ. ಒಂದೇ ನಲ್ಲಿಯಲ್ಲಿ, ಒಬ್ಬರ ಹಿಂದೆ ಒಬ್ಬರು.

ನಿನಗೆ ಈಗ ಬರುವ ಹೇಸಿಗೆ ಇದೆಯಲ್ಲ, ಅದು ಹೊಸದು. ನನ್ನದಕ್ಕೆ ಇಪ್ಪತ್ತೆರಡು ವರ್ಷ. ಉಪ್ಪು ತಿಂದವಳು ನೀರು ಕುಡಿಯಲೇಬೇಕು. ಈ ಹೇಳಿಕೆಯನ್ನು ಮಂಡಳಿಯ ಮುಂದೆ ಇಡು. ನನ್ನ ಮಾನದ ಬಗ್ಗೆ ಯೋಚಿಸಬೇಡ.

ಅಮ್ಮ

*

ಮಾರ್ಚ್ 12

ಅಮ್ಮನಿಗೆ,

ನಿನ್ನೆ ಮಂಡಳಿ ಮುಗಿಯಿತು. ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ: ರೇಡಿಯೋಗೆ ‘ಸೇವೆಯಲ್ಲಿ ಕಂಡ ಘಟನೆಯಿಂದ ಉಂಟಾದ ಮಾನಸಿಕ ಆಘಾತ’ ಎಂದು ಬರೆದರು. ಅವನು ಠಾಣೆಗೆ ಹೋಗುವುದಿಲ್ಲ. ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಹೋಗುತ್ತಾನೆ. ನಾನೇ ಅವನಿಗೆ ಹೇಳಿದೆ. ‘ಹಾಗಾದ್ರೆ ನಾನು ಸುಳ್ಳು ಹೇಳ್ತಿಲ್ಲ ಅಂತ ಬರೆದ್ರಾ ಸಾರ್?’ ಎಂದು ಎರಡು ಸಲ ಕೇಳಿದ.

ಈಗ ಉಳಿದದ್ದು.

ನಿನ್ನ ಹೇಳಿಕೆಯನ್ನು, ಬರೆದವಳು ನನ್ನ ತಾಯಿ ಎಂದು ಹೇಳಿ, ಮಂಡಳಿ ಶುರುವಾಗುವ ಮೊದಲು ಸಾಹೇಬರ ಕೋಣೆಯಲ್ಲಿ ಕೊಟ್ಟೆ. ಅವರ ಗಮನಕ್ಕೆ ತರದೆ ನೇರವಾಗಿ ಮಂಡಳಿಯ ಮುಂದೆ ಇಡುವುದು ಸರಿಯಲ್ಲ ಎನಿಸಿತು. ನೋಡು, ಎಂಥ ಶಿಸ್ತಿನ ಸಿಪಾಯಿ ನಾನು. ನಿಂತೇ ಓದಿದರು. ಎರಡನೆಯ ಪುಟಕ್ಕೆ ಬಂದಾಗ ಕುರ್ಚಿ ಎಳೆದು ಕೂತರು. ಬಹಳ ಹೊತ್ತು ಮಚ್ಚೆ ಕೆರೆದುಕೊಂಡರು.

‘ನಿಮ್ಮ ತಾಯಿಗೆ ವಯಸ್ಸಾಯ್ತು. ನೆನಪು ಹಿಂದೆ ಮುಂದೆ ಆಗುತ್ತೆ’ ಎಂದರು.

‘ಅವಳಿಗೆ ಸೇವಾ ಸಂಖ್ಯೆ ಸಹ ನೆನಪಿದೆ ಸಾರ್. ನಿಮ್ಮ ಮಚ್ಚೆಯೂ ನೆನಪಿದೆ’ ಎಂದೆ.

ಸಾಹೇಬರು ನಕ್ಕರು. ಆಮೇಲೆ ಮೆಲ್ಲಗೆ, ಮನೆಯವರ ಹತ್ತಿರ ಮಾತಾಡುವಂತೆ ಹೇಳಿದರು: ‘ನಿಮಗೆ ಬೇಕಾಗಿರೋದು ಆ ಹುಡುಗ ತಾನೆ? ಅವನಿಗೆ ಏನು ಬರೀಬೇಕು ಹೇಳಿ, ನನ್ನ ಕೈಯಾರೆ ಬರೀತೀನಿ. ಈ ಎರಡು ಹಾಳೆ ನನ್ನ ಹತ್ತಿರ ಇರಲಿ. ಸತ್ತವನಿಗೆ ಇದರಿಂದ ಏನಾಗಬೇಕು? ನಿಮ್ಮ ತಾಯಿಗೂ ಈ ವಯಸ್ಸಲ್ಲಿ ಇದೆಲ್ಲ ಬೇಡ.’

ಹೊರಗೆ ಬೆಂಚಿನ ಮೇಲೆ ರೇಡಿಯೋ ಕೂತಿದ್ದ. ಬಾಗಿಲ ಸಂದಿಯಿಂದ ಅವನ ಬೂಟು ಕಾಣುತ್ತಿತ್ತು. ನಾನು ಆ ಬೂಟು ನೋಡಿದೆ, ಹೂಂ ಎಂದೆ. ನಿನ್ನದೇ ಹೂಂ. ಹಾಳೆಗಳನ್ನು ಅವರು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಹೇಳಿದ ಮಾತಿನಂತೆ ಬರೆದರು. ಉಳಿದ ಐದು ಜನರಿಗೆ ಎಂದಿನಂತೆ ಚಾರ್ಟು ನೋಡಿ ‘ನಾಟಕ’ ಎಂದರು. ಐದಕ್ಕೂ ನಾನು ಸಹಿ ಹಾಕಲಿಲ್ಲ. ಸಹಿ ಇಲ್ಲದಿದ್ದರೂ ಮೂವರಲ್ಲಿ ಇಬ್ಬರು ಸಾಕಂತೆ. ಇಷ್ಟು ದಿನ ನನ್ನ ಸಹಿ ಬೇಕೇ ಆಗಿರಲಿಲ್ಲ ಎನ್ನುವುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಇವತ್ತು ವಾರ್ಡಿಗೆ ಹೊಸ ಚಾರ್ಟು ಬಂದಿದೆ. ಕೊನೆಯಲ್ಲಿ ‘ಪರಿಶೀಲಿಸಿದವರ ಸಹಿ’ ಎಂದು ಒಂದು ಕಾಲಂ ಸೇರಿಸಿದ್ದಾರೆ. ಸಂಜೆ ಐದಕ್ಕೆ ಹೋಗಿ ನೋಡಿದೆ. ನಾಳೆ ಬೆಳಿಗ್ಗೆ ಆರರ ಪರಿಶೀಲನೆಯೂ ಆಗಲೇ ಮುಗಿದಿತ್ತು.

ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ಎರಡನೆಯ ಸಲ ಮಣ್ಣು ಮಾಡಿದೆ. ನಿನ್ನನ್ನು ನೋಡಿ ಹೇಸಿಗೆಯಾಗುತ್ತದೆ ಎಂದು ಬರೆದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನನಗೆ ಆ ಹಕ್ಕಿಲ್ಲ.

ನಿನ್ನ ಮಗ

*

ಏಪ್ರಿಲ್ 6

ಮಗನಿಗೆ,

ಹಾಳೆ ಹೋದರೆ ಹೋಯಿತು, ಬರೆದವಳು ಇನ್ನೂ ಇದ್ದಾಳೆ. ಆ ಹುಡುಗ ಉಳಿದನಲ್ಲ. ನೀನು ಕೊಟ್ಟದ್ದು ತಪ್ಪು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಸರಿ ಎನ್ನಲೂ ಬರುವುದಿಲ್ಲ.

ನಿನ್ನ ಕಾಗದದಲ್ಲಿ ಸಾಹೇಬರ ಒಂದು ಮಾತು ಬರೆದಿದ್ದೆ: ಸತ್ತವನಿಗೆ ಇದರಿಂದ ಏನಾಗಬೇಕು ಎಂದು. ಮೂರು ದಿನ ಆ ಸಾಲನ್ನು ಮತ್ತೆ ಮತ್ತೆ ತೆಗೆದು ಓದಿದೆ. ನಾಲ್ಕನೆಯ ದಿನ ಬಸ್ಸು ಹತ್ತಿದೆ. ಹನ್ನೊಂದನೆಯ ಮಂಚದವನ ಟ್ರಂಕು ಮನೆಗೆ ಕಳಿಸುವಾಗ ವಿಳಾಸ ಬರೆದವಳು ನಾನೇ. ಎರಡು ಅಂಗಿ, ಒಂದು ಅಳತೆಪಟ್ಟಿ, ಒಂದು ಕನ್ನಡಿ. ಬೇರೆ ಎಷ್ಟೋ ಮರೆತಿದ್ದೇನೆ, ಆ ವಿಳಾಸ ಮರೆತಿಲ್ಲ.

ಎರಡು ಬಸ್ಸು ಬದಲಿಸಿ, ಒಂದು ಮೈಲು ಕುಂಟಿಕೊಂಡು ಹೋದೆ. ಅದೇ ಮನೆ. ಬಾಗಿಲು ತೆಗೆದವಳು ಅವನ ತಂಗಿ. ಅವಳ ಕೂದಲೂ ಬೆಳ್ಳಗಾಗಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವಳು ಎಂದಷ್ಟೇ ಹೇಳಿದೆ. ಒಳಗೆ ಕರೆದು ಚಾಪೆ ಹಾಸಿ ನೀರು ಕೊಟ್ಟಳು. ನಾನು ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಗೆರೆ, ಚಾರ್ಟು, ನಲ್ಲಿ, ಎಲ್ಲ. ಬೈಯುತ್ತಾಳೆ, ಕತ್ತು ಹಿಡಿದು ಹೊರಗೆ ದಬ್ಬುತ್ತಾಳೆ ಎಂದುಕೊಂಡಿದ್ದೆ. ದಬ್ಬಿದ್ದರೆ ಹಗುರವಾಗುತ್ತಿತ್ತು.

ಅವಳು ಕೇಳಿದ್ದು ಒಂದೇ ಮಾತು. ‘ಹಾಗಾದ್ರೆ ನಮ್ಮಣ್ಣ ನಾಟಕ ಮಾಡ್ತಿರಲಿಲ್ವಾ?’

‘ಇಲ್ಲಮ್ಮಾ’ ಎಂದೆ.

‘ನಿಮ್ಮ ಆಸ್ಪತ್ರೆಯಿಂದ ಕಾಗದ ಬಂದಿತ್ತು, ಸುಳ್ಳು ಹೇಳಿ ತಪ್ಪಿಸಿಕೊಳ್ತಿದ್ದಾನೆ ಅಂತ. ನಮ್ಮಪ್ಪ ಅದನ್ನ ಓದಿ, ಅವನ ಮುಖ ನೋಡಲ್ಲ ಅಂದ್ರು. ನೋಡೋಕೆ ಹೋಗಲಿಲ್ಲ, ನಮ್ಮನ್ನೂ ಬಿಡಲಿಲ್ಲ. ಅಪ್ಪ ಸಾಯೋ ತನಕ ಈ ಮನೇಲಿ ಅವನ ಹೆಸರು ಎತ್ತೋ ಹಾಗಿರಲಿಲ್ಲ’ ಎಂದಳು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ತಲೆ ಎತ್ತಲಿಲ್ಲ.

ಆಮೇಲೆ ಅವಳು ಎದ್ದು, ಅದೇ ಟ್ರಂಕಿನಿಂದ ಒಂದು ಕಾಗದ ತಂದಳು. ಅವನು ಹೋಗುವುದಕ್ಕೆ ಒಂದು ವಾರದ ಮೊದಲು ತಂಗಿಗೆ ಬರೆದದ್ದು. ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ‘ಓದಿ. ಗಟ್ಟಿಯಾಗಿ ಓದಿ’ ಎಂದಳು. ಓದಿದೆ. ಕೊನೆಯವರೆಗೂ ಓದಿಸಿದಳು. ಕೊನೆಯ ಭಾಗ ಹೀಗಿದೆ:

‘ಇಲ್ಲಿ ಡಾಕ್ಟರುಗಳು ನಾನು ನಿದ್ದೆ ಮಾಡುತ್ತಿಲ್ಲ ಎಂದರೆ ನಂಬುವುದಿಲ್ಲ. ಆದರೂ ನೀನು ಹೆದರಬೇಡ. ರಾತ್ರಿ ಪಾಳಿಗೆ ಒಬ್ಬರು ಸಿಸ್ಟರ್ ಬರುತ್ತಾರೆ, ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ನಾನು ಎದ್ದು ಕೂತಿರುವುದನ್ನು ಅವರು ದಿನಾ ಕಣ್ಣಾರೆ ನೋಡುತ್ತಾರೆ, ನೀರು ಕೊಡುತ್ತಾರೆ. ಅವರ ಹತ್ತಿರ ಒಂದು ಚಾರ್ಟು ಇದೆ. ಅದರಲ್ಲಿ ಎಲ್ಲ ಬರೆದುಕೊಳ್ಳುತ್ತಾರೆ. ಮಂಡಳಿಯವರು ಅದನ್ನು ನೋಡುತ್ತಾರಂತೆ. ಅದಕ್ಕೇ ನಾನು ಧೈರ್ಯವಾಗಿದ್ದೇನೆ. ಅಪ್ಪನಿಗೆ ಹೇಳು.’

ಆ ತಂಗಿಯನ್ನು ಕೇಳಿ ಮೂಲ ಕಾಗದವನ್ನೇ ಇಸಿದುಕೊಂಡು ಬಂದಿದ್ದೇನೆ. ಅವಳೂ ನಾನೂ ಸೇರಿ ಹೊಸ ಹೇಳಿಕೆ ಬರೆದಿದ್ದೇವೆ, ಇಬ್ಬರ ಸಹಿಯೂ ಇದೆ. ಎರಡೂ ಇದರೊಳಗಿವೆ. ಮೇಲಿನವರಿಗೆ, ಅವರ ಮೇಲಿನವರಿಗೆ, ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ನಕಲು ಮಾಡಿಸಿ ಕಳಿಸು. ಮೂಲ ನಿನ್ನ ಹತ್ತಿರ ಇರಲಿ.

ಈ ಸಲ ಯಾರಿಗೂ ಕೊಡಬೇಡ.

ಅಮ್ಮ